ಕುದಿದ ಎಂಜಿನ್ನು, ತುಂಬಿದ ನೀರು

ಶಾಖಮಾಪಕದ ಮುಳ್ಳು ಕೆಂಪು ಗೆರೆ ಮುಟ್ಟಲು ಇನ್ನು ಕೂದಲೆಳೆಯಷ್ಟು ಬಾಕಿಯಿತ್ತು.

"ನಿಲ್ಲಿಸ್ಬೇಕಲ್ವಾ?" ಪಕ್ಕದಲ್ಲಿ ಕೂತಿದ್ದ ಇನ್‌ಸ್ಪೆಕ್ಟರ್ ಮೇಡಂ ಕೇಳಿದರು.

"ಇನ್ನೂ ಇಲ್ಲ ಮೇಡಂ. ಮೂರನೇ ತಿರುವು ಬರ್ಲಿ."

ಮೇಸ್ತ್ರಿ ಪಿಕಪ್ಪನ್ನು ಎರಡನೇ ಗೇರಿನಲ್ಲೇ ಎಳೆಸುತ್ತಿದ್ದ. ಹಿಂದೆ ಟ್ರೈಲರು, ಅದರ ಮೇಲೆ ಟಾರ್ಪಾಲು ಹೊದ್ದು ಮಲಗಿದ ಮರದ ದೋಣಿ. ಎಂಜಿನ್ನು ಹೆರಿಗೆ ನೋವಿನಲ್ಲಿರುವವಳ ಹಾಗೆ ನರಳುತ್ತಿತ್ತು. ಫ್ಯಾನಿನ ಮೊರೆತಕ್ಕೆ ಗಾಜು ನಡುಗುತ್ತಿತ್ತು.

ಹನ್ನೊಂದು ದಿನಗಳ ಹಿಂದೆ ಇದೇ ಗಾಡಿಗೆ ಇದೇ ದೋಣಿ ಕಟ್ಟಿಕೊಂಡು ಇದೇ ಗುಡ್ಡ ಹತ್ತಿದ ಅವನ ಭಾವ, ಮೂರನೇ ತಿರುವಿನ ಕೆಳಗೆ ಬಂಡೆಗಳ ಮೇಲೆ ಹೆಣವಾಗಿ ಸಿಕ್ಕಿದ್ದರು. ಎಂಜಿನ್ನು ಕುದಿಯಿತು, ರೇಡಿಯೇಟರಿನ ಮುಚ್ಚಳ ತೆಗೆದರು, ಹಬೆ ಮುಖಕ್ಕೆ ಹೊಡೆಯಿತು, ಹಿಂದೆ ಸರಿದವರು ಮೊಣಕಾಲೆತ್ತರದ ಕಟ್ಟೆ ದಾಟಿ ಬಿದ್ದರು ಎಂದು ಪೊಲೀಸರ ಮೊದಲ ವರದಿ ಹೇಳಿತ್ತು. ಎಂಜಿನ್ನು ಕುದಿದದ್ದೇಕೆ ಎಂಬುದಕ್ಕೂ ಅದರಲ್ಲಿ ಉತ್ತರವಿತ್ತು: ಸರಿಯಾಗಿ ಆಗದ ರಿಪೇರಿ.

ಅದಕ್ಕೆ ನಾಲ್ಕು ದಿನ ಮುಂಚೆ ಆ ರಿಪೇರಿ ಮಾಡಿದವನು ಮೇಸ್ತ್ರಿಯೇ.

ಊರ ಬಾಯಿಗೆ ಬೀಗ ಹಾಕಲಾದೀತೇ? "ಸ್ವಂತ ಭಾವನ ಗಾಡೀನೇ ಹೀಗೆ ಮಾಡಿದ, ನಮ್ಮದೇನು ಗತಿ" ಎಂದು ಗಿರಾಕಿಗಳು ಅವನ ಶೆಡ್ಡಿನ ಮುಂದೆ ಗಾಡಿಯ ವೇಗ ಹೆಚ್ಚಿಸಿಕೊಂಡು ಹೋಗುತ್ತಿದ್ದರು. ಅದನ್ನಾದರೂ ಸಹಿಸಬಹುದಿತ್ತು. ಒಡಹುಟ್ಟಿದ ಅಕ್ಕ ಹನ್ನೊಂದು ದಿನಗಳಿಂದ ಅವನ ಮುಖ ನೋಡಿ ಒಂದು ಮಾತಾಡಿರಲಿಲ್ಲ. ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಮೂರನೇ ತಿರುವಿನಲ್ಲಿ ಮುಳ್ಳು ಕೆಂಪು ಮುಟ್ಟಿತು.

ಅವನು ಗಾಡಿಯನ್ನು ಪಕ್ಕಕ್ಕೆ ತಂದು, ಎಂಜಿನ್ನು ಆರಿಸದೆ, ಹ್ಯಾಂಡ್‌ಬ್ರೇಕ್ ಎಳೆದು ಇಳಿದ. ರಸ್ತೆಯಂಚಿನಲ್ಲಿ ನಾಲ್ಕು ಚಪ್ಪಟೆ ಕಲ್ಲುಗಳು ಬಿದ್ದಿದ್ದವು. ಅವನು ಒಂದನ್ನು ಎತ್ತಿಕೊಂಡವನು ಹಾಗೇ ನಿಂತುಬಿಟ್ಟ.

"ಏನಾಯ್ತು?"

"ಇವು ಭಾವ ಇಟ್ಟ ಕಲ್ಲುಗಳು ಮೇಡಂ. ನಿಮ್ಮ ಫೋಟೋದಲ್ಲೂ ಇವೆ. ಟ್ರೈಲರಿನ ಒಂದೊಂದು ಚಕ್ರದ ಹಿಂದೆ ಎರಡೆರಡು." ಅವನ ದನಿ ತಗ್ಗಿತು. "ನಮ್ಮಪ್ಪ ಕಲಿಸಿದ್ದು. ಏರಲ್ಲಿ ಗಾಡಿ ನಿಂತ್ರೆ ಮೊದಲು ಕಲ್ಲು, ಆಮೇಲೆ ಬಾನೆಟ್ಟು ಅಂತಿದ್ರು. ಭಾವ ಮದುವೆಯಾಗಿ ಬಂದ ಹೊಸದರಲ್ಲಿ ಇದಕ್ಕೇ ಬೈಸ್ಕೊಂಡಿದ್ರು."

ಇಪ್ಪತ್ತು ವರ್ಷ ಭಾರ ಎಳೆದ ಡ್ರೈವರು. ಸಮಾಧಾನವಾಗಿ ಇಳಿದು, ನಾಲ್ಕು ಕಲ್ಲು ಹುಡುಕಿ ತಂದು, ಒಂದೊಂದನ್ನೂ ಕಾಲಿನಿಂದ ಒದ್ದು ಗಟ್ಟಿಮಾಡಿದ ಮನುಷ್ಯ, ಮರುಗಳಿಗೆಯಲ್ಲಿ ಎಳೆ ಹುಡುಗನ ಹಾಗೆ ಕುದಿಯುವ ರೇಡಿಯೇಟರಿಗೆ ಕೈ ಹಾಕುತ್ತಾರೆಯೇ? ಮೇಸ್ತ್ರಿ ಕಲ್ಲುಗಳನ್ನು ಚಕ್ರಗಳ ಹಿಂದೆ ಒತ್ತಿ, ಬಂದು ಬಾನೆಟ್ಟು ಎತ್ತಿದ. ಬಿಸಿ ಗಾಳಿ ಮುಖಕ್ಕೆ ರಾಚಿತು.

"ಎಲ್ಲಿ, ಮುಚ್ಚಳ ತೆಗೆದು ತೋರಿಸಿ," ಎಂದರು ಮೇಡಂ.

"ಈಗ ತೆಗೆದ್ರೆ ನಾವಿಬ್ರೂ ಒಂದೇ ಆಂಬುಲೆನ್ಸಲ್ಲಿ ಹೋಗ್ತೀವಿ. ಒಳಗೆ ಒತ್ತಡ ಇದೆ. ಅರ್ಧ ನೀರು ಕಾರಂಜಿ ಥರ ಮೇಲಕ್ಕೆ ಹಾರುತ್ತೆ."

"ಅರ್ಧ?"

"ಅದಕ್ಕೆ ಕಮ್ಮಿಯಂತೂ ಇಲ್ಲ." ಅವನು ಮೇಡಂ ಕಡೆ ತಿರುಗಿದ. ಇದನ್ನು ಹೇಳಲೆಂದೇ ಅವರನ್ನು ಇಲ್ಲಿಯವರೆಗೆ ಕರೆತಂದಿದ್ದ. "ನಿನ್ನೆ ನಿಮ್ಮ ಠಾಣೆಯಿಂದ ಗಾಡಿ ನನ್ನ ಶೆಡ್ಡಿಗೆ ಬಂತಲ್ಲ, ಆಗ ರೇಡಿಯೇಟರಲ್ಲಿ ನೀರು ಎಷ್ಟಿತ್ತು ಗೊತ್ತಾ? ಕಂಠಮಟ್ಟ. ಒಂದು ಚಮಚೆ ಹೆಚ್ಚಿಗೆ ಹಾಕಿದ್ರೂ ಚೆಲ್ಲೋದು."

"ಠಾಣೇಲಿ ಯಾರಾದ್ರೂ ತುಂಬಿಸಿರ್ಬಹುದು."

"ನಾನೂ ಹಾಗೇ ಅನ್ಕೊಂಡೆ. ಆದ್ರೆ ನಾನು ಹಾಕಿದ್ದು ಹಸಿರು ಕೂಲಂಟು, ಅರ್ಧಕ್ಕರ್ಧ ನೀರು. ಅದನ್ನ ಅಳೆಯೋ ಕೊಳವೆ ಇರುತ್ತೆ, ಅದ್ರಲ್ಲಿ ನೋಡಿದೆ. ನನ್ನ ಪುಸ್ತಕದಲ್ಲಿ ಅವತ್ತು ಏನು ಬರ್ದಿದ್ನೋ ಇವತ್ತೂ ಅಷ್ಟೇ ಇದೆ. ಯಾರೋ ಕೊಡ ತಂದು ಸುರಿದಿದ್ರೆ ತೆಳ್ಳಗಾಗ್ಬೇಕಿತ್ತು."

ಮೇಡಂ ಅದನ್ನು ಪುಟ್ಟ ಡೈರಿಯಲ್ಲಿ ಬರೆದುಕೊಂಡರು. ಎರಡು ವರ್ಷದಲ್ಲಿ ನಿವೃತ್ತಿಯಾಗಲಿದ್ದ ಹೆಂಗಸು. ಮಾತಿಗಿಂತ ಮೌನ ಹೆಚ್ಚು.

"ಅಂದ್ರೆ ಒಂದು ತೊಟ್ಟೂ ಹೊರಗೆ ಹೋಗಿಲ್ಲ, ಒಂದು ತೊಟ್ಟೂ ಒಳಗೆ ಬಂದಿಲ್ಲ. ಮುಚ್ಚಳ ಹುಲ್ಲಲ್ಲಿ ಬಿದ್ದಿತ್ತು ಅಂತೀರ. ಬಿದ್ದಿರ್ಲಿ. ಅದನ್ನ ತೆಗೆದಿದ್ದು ಎಂಜಿನ್ನು ತಣ್ಣಗಾದ ಮೇಲೆ."

"ತಣ್ಣಗಾಗೋಕೆ ಎಷ್ಟು ಹೊತ್ತು?"

"ಒಂದು ಗಂಟೆ ಮೇಲೆಯೇ ಬೇಕು."

ಮೇಡಂ ಕಟ್ಟೆಯ ಹತ್ತಿರ ಹೋಗಿ ಕೆಳಗೆ ಬಗ್ಗಿ ನೋಡಿದರು. ಆಮೇಲೆ, ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದ ಮಾತನ್ನು ಹೊರಗೆ ಹಾಕಿದರು.

"ನಿಮ್ಮ ಭಾವನ ಮುಖದ ಮೇಲೆ ಒಂದು ಗುಳ್ಳೆಯೂ ಇರ್ಲಿಲ್ಲ ಮೇಸ್ತ್ರಿ. ಕೈ ಮೇಲೂ ಇಲ್ಲ. ಡಾಕ್ಟರು ಬರೆದಿದ್ದು ತಲೆಪೆಟ್ಟು ಅಂತ ಮಾತ್ರ. ಅದಕ್ಕೇ ನಾನು ಈ ಫೈಲು ಮತ್ತೆ ತೆಗೆದಿದ್ದು."

ಮೇಸ್ತ್ರಿ ಬಾನೆಟ್ಟಿನ ಅಂಚು ಹಿಡಿದುಕೊಂಡ. ಹಬೆ ಹೊಡೆದಿರಲಿಲ್ಲ. ಭಾವ ಆ ನೋವು ಉಂಡಿರಲಿಲ್ಲ. ಅಷ್ಟಕ್ಕೇ ಅವನ ಕಣ್ಣು ತುಂಬಿ ಬಂತು.

"ಹಬೆ ಬರ್ತಿತ್ತು, ಮುಚ್ಚಳ ತೆಗೆದಿತ್ತು, ಕಣ್ಣಾರೆ ನೋಡಿದೆ ಅಂದೋನು ಒಬ್ಬನೇ," ಮೇಡಂ ಮುಂದುವರಿಸಿದರು. "ದೋಣಿ ಸಾಹುಕಾರ. ದೋಣಿ ಇನ್ನೂ ಯಾಕೆ ಬರ್ಲಿಲ್ಲ ಅಂತ ಹುಡುಕ್ಕೊಂಡು ಕೆರೆ ಕಡೆಯಿಂದ ಗುಡ್ಡ ಇಳಿದು ಬಂದೆ ಅಂತಾನೆ. ನಾಲ್ಕೂವರೆಗೆ ಠಾಣೆಗೆ ಫೋನು ಮಾಡಿದ. ನಮ್ಮವರು ಇಲ್ಲಿ ಮುಟ್ಟೋ ಹೊತ್ತಿಗೆ ಆರು."

"ಮಧ್ಯೆ ಒಂದೂವರೆ ಗಂಟೆ."

"ಮಧ್ಯೆ ಒಂದೂವರೆ ಗಂಟೆ ಅವನು, ಈ ಗಾಡಿ, ಕೆಳಗೆ ನಿಮ್ಮ ಭಾವ. ಬೇರೆ ನರಪಿಳ್ಳೆ ಇರ್ಲಿಲ್ಲ." ಮೇಡಂ ಫೋನು ತೆಗೆದು ನೋಡಿ ಮುಖ ಗಂಟಿಕ್ಕಿದರು. "ಸಿಗ್ನಲ್ಲು ಆ ತುದೀಲಿ ಮಾತ್ರ. ಅವನನ್ನ ಠಾಣೆಗೆ ಕರೆಸೋಕೆ ಹೇಳಿ ಬರ್ತೀನಿ. ನೀವು ಇದು ಯಾಕೆ ಕಾಯ್ತಿದೆ ಅನ್ನೋದನ್ನ ನೋಡಿ."

ಅದೇ ಮೇಸ್ತ್ರಿಗೂ ಬಗೆಹರಿಯದ ಒಗಟು. ನಿನ್ನೆಯೇ ಶೆಡ್ಡಿನಲ್ಲಿ ಒಂದೊಂದನ್ನೂ ಬಿಚ್ಚಿ ನೋಡಿದ್ದ. ಬೆಲ್ಟು ಬಿಗಿಯಾಗಿತ್ತು. ಪೈಪುಗಳು ಗಟ್ಟಿಮುಟ್ಟಾಗಿದ್ದವು. ಬಿಸಿಯೇರಿದಾಗ ನೀರಿಗೆ ದಾರಿ ತೆರೆಯುವ ಥರ್ಮೋಸ್ಟಾಟನ್ನು ಪಾತ್ರೆಯ ನೀರಿಗೆ ಹಾಕಿ ಒಲೆಯ ಮೇಲಿಟ್ಟಾಗ, ಸ್ಪೇರ್‌ಪಾರ್ಟ್ಸ್ ಕೌಂಟರಿನಲ್ಲಿ ಕೂರುವ ಅವನ ಹೆಂಡತಿ ತಾಪಮಾಪಕ ಹಿಡಿದು ನಿಂತಿದ್ದಳು. ಬೆರಳಲ್ಲಿ ಮುಟ್ಟಿಯೇ ಬೋಲ್ಟಿನ ಸೈಜು ಹೇಳುತ್ತಾಳೆಂದು ಊರೆಲ್ಲ ಅವಳನ್ನು ಬೋಲ್ಟಮ್ಮ ಎನ್ನುತ್ತಿತ್ತು. "ಸರಿಯಾದ ಡಿಗ್ರಿಗೇ ಬಾಯಿ ಬಿಡ್ತು ರೀ," ಎಂದಿದ್ದಳು ಸಣ್ಣ ದನಿಯಲ್ಲಿ. ಎಲ್ಲ ಸರಿಯಿತ್ತು. ಖಾಲಿ ಗಾಡಿ ಸಮತಟ್ಟಿನಲ್ಲಿ ಎಷ್ಟು ಓಡಿಸಿದರೂ ಮುಳ್ಳು ಅಲುಗಲಿಲ್ಲ. ಭಾರ ಕಟ್ಟಿ ಏರು ಹತ್ತಿಸಿದರೆ ಮಾತ್ರ ಜ್ವರ.

ಫ್ಯಾನು ಇನ್ನೂ ಮೊರೆಯುತ್ತಿತ್ತು. ಇಷ್ಟು ಬಲವಾಗಿ ಎಳೆಯುವ ಫ್ಯಾನಿದ್ದೂ ಕಾಯುವುದೆಂದರೆ ಅದು ಎಳೆಯುವ ಗಾಳಿ ರೇಡಿಯೇಟರನ್ನು ದಾಟಿ ಬರುತ್ತಿಲ್ಲ ಎಂದೇ ಅರ್ಥ. ಆದರೆ ರೇಡಿಯೇಟರನ್ನು ಅವನೇ ಕೈಯಾರೆ ತೊಳೆದಿದ್ದ. ಅದರ ಮುಂದೆ ನಿಲ್ಲುವ ಏಸಿಯ ಜಾಲರಿಯೂ ಎದುರಿನಿಂದ ಲಕಲಕ ಹೊಳೆಯುತ್ತಿತ್ತು.

ಅವನು ಜೇಬಿನಿಂದ ಒಂದು ಹಳೆಯ ರಸೀದಿ ತೆಗೆದು ಗಾಡಿಯ ಮೂತಿಯ ಜಾಲರಿಗೆ ಹಿಡಿದ. ಮೇಲ್ಭಾಗದಲ್ಲಿ ಕಾಗದ ಚಟ್ಟನೆ ಅಂಟಿಕೊಂಡಿತು. ಒಳಗಿನ ಫ್ಯಾನು ಗಾಳಿ ಎಳೆಯುತ್ತಿದೆ, ಸರಿ. ಕಾಗದವನ್ನು ಕೆಳಗೆ ಜಾರಿಸಿದ.

ಅರ್ಧಕ್ಕೆ ಬಂದಾಗ ಕಾಗದ ಕೈತಪ್ಪಿ ನೆಲಕ್ಕೆ ಬಿತ್ತು.

ಎತ್ತಿ ಮತ್ತೆ ಹಿಡಿದ. ಮತ್ತೆ ಬಿತ್ತು. ಕೆಳಗಿನ ಅರ್ಧ ಉಸಿರಾಡುತ್ತಿರಲಿಲ್ಲ.

ಎಂಜಿನ್ನು ಆರಿಸಿ, ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಎರಡು ಕ್ಲಿಪ್ಪು ಕಿತ್ತು, ಏಸಿಯ ಜಾಲರಿಗೂ ರೇಡಿಯೇಟರಿಗೂ ನಡುವಿನ ಬೆರಳಗಲದ ಸಂದಿಗೆ ಟಾರ್ಚು ಬಿಟ್ಟ. ಎದುರಿನಿಂದ ನೋಡಿದರೂ ಕಾಣದ, ಹಿಂದಿನಿಂದ ನೋಡಿದರೂ ಕಾಣದ ಜಾಗ. ಅಲ್ಲಿ ಏನೋ ನೀಲಿ.

ಉದ್ದನೆಯ ಇಕ್ಕಳದಲ್ಲಿ ಹಿಡಿದು ಎಳೆದ. ಎರಡು ಪದರವಾಗಿ ಮಡಿಚಿದ ದಪ್ಪ ಕ್ಯಾನ್ವಾಸು, ರೇಡಿಯೇಟರಿನ ಮೈಗೆ ಅಂಟಿ ಅದರ ಗೆರೆಗಳ ಅಚ್ಚನ್ನೇ ಹೊತ್ತುಕೊಂಡಿತ್ತು. ಜೊತೆಗೆ ಒಂದು ಹಿಡಿ ಒಣಗಿದ ಎಲೆ.

ಅವನು ಬಟ್ಟೆಯ ಅಂಚನ್ನು ಬೆಳಕಿಗೆ ಹಿಡಿದ.

ಅಂಚು ಹಲ್ಲುಹಲ್ಲಾಗಿತ್ತು. ನೂಲು ಬಿಚ್ಚದಿರಲೆಂದು ದರ್ಜಿಗಳು ಕತ್ತರಿಸುವ ಹಾಗೆ. ಮತ್ತೆ ಪ್ರತಿ ಗೇಣಿಗೊಮ್ಮೆ ಒಂದು ಹಲ್ಲು ಮೊಂಡಾಗಿತ್ತು. ಆ ಕತ್ತರಿಯನ್ನು ಅವನು ಬಲ್ಲ. ಅಕ್ಕನ ಮದುವೆಗೆ ತನ್ನ ಮೊದಲ ಸಂಬಳದಲ್ಲಿ ಅವನೇ ಕೊಡಿಸಿದ್ದ ಕತ್ತರಿ. ಅಕ್ಕ ಅದರಲ್ಲಿ ದೋಣಿಗಳ ಹೊದಿಕೆಗೆ ಕ್ಯಾನ್ವಾಸು ಕತ್ತರಿಸಿ ಕತ್ತರಿಸಿ ಒಂದು ಹಲ್ಲು ಮುರಿದುಕೊಂಡಿದ್ದಳು. ಹೊಸದು ತಂದುಕೊಡುತ್ತೇನೆಂದರೆ, "ನನಗೂ ಹಲ್ಲು ಬೀಳೋ ವಯಸ್ಸಾಯ್ತು, ಅದೂ ನನ್ನ ಜೊತೆಗಿರ್ಲಿ ಬಿಡೋ," ಎಂದು ನಕ್ಕಿದ್ದಳು.

ಕಟ್ಟೆಯ ತುದಿಯಲ್ಲಿ ಮೇಡಂ ಬೆನ್ನು ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದರು.

ಮೇಸ್ತ್ರಿ ಬಟ್ಟೆಯನ್ನು ಸುತ್ತಿ ಅಂಗಿಯೊಳಗೆ ಸೇರಿಸಿಕೊಂಡ. ಅದಿನ್ನೂ ಬಿಸಿಯಿತ್ತು. ಹೊಟ್ಟೆಯ ಚರ್ಮ ಚುರುಗುಟ್ಟಿತು. ಹಲ್ಲು ಕಚ್ಚಿಕೊಂಡು ಕ್ಲಿಪ್ಪು ಹಾಕಿದ.

*

ಎಂಜಿನ್ನು ತಣಿಯಲು ಬಿಟ್ಟು, ಆಮೇಲೆ ಗುಡ್ಡ ಇಳಿದು, ಅದೇ ಭಾರದೊಂದಿಗೆ ಮತ್ತೆ ಹತ್ತಿದರು. ಒಂದನೇ ತಿರುವು. ಎರಡನೇ ತಿರುವು. ಮೂರನೆಯದು. ಮುಳ್ಳು ನಡುವಿನ ಗೆರೆಯ ಮೇಲೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಗುಡ್ಡದ ನೆತ್ತಿ ಮುಟ್ಟಿದರೂ ಅಲುಗಲಿಲ್ಲ.

ಬೇರೆ ದಿನವಾಗಿದ್ದರೆ ಮೇಸ್ತ್ರಿ ಸ್ಟೇರಿಂಗಿಗೆ ಒಂದು ಮುತ್ತು ಕೊಡುತ್ತಿದ್ದ.

"ಏನ್ ಮಾಡಿದ್ರಿ?" ಮೇಡಂ ಕೇಳಿದರು.

"ರೇಡಿಯೇಟರಿಗೆ ಕಸ ಕಟ್ಟಿಕೊಂಡಿತ್ತು ಮೇಡಂ. ಒಣಗಿದೆಲೆ. ತೆಗೆದೆ."

"ಅವರು ಸಾಯೋ ನಾಲ್ಕು ದಿನ ಮುಂಚೆ ನೀವೇ ತೊಳೆದಿದ್ರಿ ಅಂದ್ರಿ."

"ಈ ದಾರೀಲಿ ಮರಗಳು ಜಾಸ್ತಿ."

ಮೇಡಂ ಕಿಟಕಿಯಾಚೆ ನೋಡಿದರು. ಬೋಳುಗುಡ್ಡ. ಒಂದು ಕುರುಚಲು ಗಿಡವೂ ಇರಲಿಲ್ಲ.

"ಆ ಕಸ ಎಲ್ಲಿ?"

"ಗಾಳಿಗೆ ಹಾರಿಹೋಯ್ತು."

"ಹೂಂ." ಮೇಡಂ ಕಿಟಕಿಯಿಂದ ಅವನ ಕಡೆ ತಿರುಗಿದರು. "ನನ್ನ ತಮ್ಮನೂ ನಿಮ್ಮ ಹಾಗೇ, ಸುಳ್ಳು ಹೇಳುವಾಗ ಕಿವಿ ಕೆಂಪಾಗೋದು. ನಾಳೆ ಹತ್ತು ಗಂಟೆಗೆ ನಾನು ರಿಪೋರ್ಟು ಬರೀತೀನಿ ಮೇಸ್ತ್ರಿ. ಅಷ್ಟರೊಳಗೆ ಗಾಳಿ ಈ ಕಡೆ ಬೀಸಿದ್ರೆ ತಿಳಿಸಿ."

*

ಅಕ್ಕನ ಹೊಲಿಗೆಕೋಣೆ ಮನೆಯ ಮುಂಭಾಗದಲ್ಲಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರವಾಗಿ ದೊಡ್ಡ ಮೇಜಿನ ಮೇಲೆ ಬಿದ್ದಿತ್ತು. ಗೋಡೆಗೆ ಆನಿಸಿ ನೀಲಿ, ಬೂದು, ಕಂದು ಕ್ಯಾನ್ವಾಸಿನ ಸುರುಳಿಗಳು. ಅಕ್ಕ ಮೆಷೀನಿನ ಮುಂದೆ ಕೂತಿದ್ದಳು. ಹೊಲಿಯುತ್ತಿರಲಿಲ್ಲ. ಸೂಜಿ ಬಟ್ಟೆಯ ನಡುವೆ ಕಚ್ಚಿ ನಿಂತಿತ್ತು.

ತಮ್ಮನನ್ನು ಕಂಡವಳು ತಲೆ ತಗ್ಗಿಸಿದಳು.

"ಊಟ ಆಯ್ತಾ ಅಕ್ಕಾ?"

"ನಿನ್ನ ಹೆಂಡ್ತಿ ತರ್ತಾಳೆ. ದಿನಾ ತರ್ತಿದ್ದಾಳೆ, ಪಾಪ."

ಅವನು ಮೇಜಿನ ಎದುರಿನ ಸ್ಟೂಲಿನ ಮೇಲೆ ಕೂತ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದ. ಕೊನೆಗೆ ಮಾತಾಡದೆಯೇ ಅಂಗಿಯೊಳಗಿಂದ ಬಟ್ಟೆ ತೆಗೆದು ಮೇಜಿನ ಮೇಲಿಟ್ಟ.

ಅಕ್ಕ ನೋಡಿದಳು. ಅವಳ ಮುಖದಲ್ಲಿದ್ದ ಅಷ್ಟಿಷ್ಟು ರಕ್ತವೂ ಇಳಿದುಹೋಯಿತು.

"ಎಲ್ಲಿತ್ತು?"

"ಎಲ್ಲಿತ್ತು ಅಂತ ನೀನೇ ಹೇಳು."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಅಕ್ಕ ಸೂಜಿಯಿಂದ ಬಟ್ಟೆ ಬಿಡಿಸಿ ಪಕ್ಕಕ್ಕಿಟ್ಟಳು.

"ಮೇಸ್ತ್ರಿ ಮಗಳು ನಾನು. ಎಂಜಿನ್ನಿಗೆ ಎಲ್ಲಿ ಉಸಿರು ಕಟ್ಟುತ್ತೆ ಅಂತ ನನಗೆ ಗೊತ್ತಿಲ್ವೇನೋ?" ಎಂದಳು ಕಡೆಗೆ. "ಇಟ್ಟೆ. ಹೌದು. ಹಿಂದಿನ ದಿನ ಸಂಜೆ ಇಟ್ಟೆ."

"ಯಾಕಕ್ಕಾ?"

"ಒಂದು ದಿನಕ್ಕೋಸ್ಕರ." ಅವಳು ಬೆರಳಿನಿಂದ ಮೇಜಿನ ಮೇಲಿದ್ದ ನೂಲಿನ ಚೂರುಗಳನ್ನು ಒಟ್ಟುಮಾಡತೊಡಗಿದಳು. "ದೋಣಿ ಇಳಿಸಿ ನಾನು ಅಲ್ಲೇ ಇದ್ಬಿಡ್ತೀನಿ ಅಂದ್ರು. ಕೆರೆ ಹತ್ರ. ದೋಣಿ ಸಾಹುಕಾರ ಕೆಲಸ ಕೊಡ್ತಾನಂತೆ, ಇರೋಕೆ ಜಾಗ ಕೊಡ್ತಾನಂತೆ. ಸರಿ, ನಾನೂ ಮೆಷೀನು ಕಟ್ಕೊಂಡು ಬರ್ತೀನಿ ಅಂದೆ. ಬೇಡ ಅಂದ್ರು."

"ಯಾಕಂತೆ?"

"ಹೇಳ್ಲಿಲ್ಲ. ಜಗಳ ಇಲ್ಲ, ಕೂಗಾಟ ಇಲ್ಲ. ಅಂಗಡೀಲಿ ಬೇಡದ ಸಾಮಾನು ವಾಪಸ್ ಇಡ್ತಾರಲ್ಲ, ಹಾಗೆ ಬೇಡ ಅಂದ್ರು. ಹದಿನೆಂಟು ವರ್ಷದ ಮೇಲೆ ಬೇಡ ಅಂದ್ರು ಕಣೋ." ಅವಳ ದನಿ ಒಡೆಯಲಿಲ್ಲ. ಅದು ಎಂದೋ ಒಡೆದು ಮುಗಿದ ಹಾಗಿತ್ತು. "ಗಾಡಿ ಗುಡ್ಡದ ಬುಡದಲ್ಲೇ ಕಾದ್ರೆ ಹಿಂದೆ ತಿರುಗ್ತಾರೆ, ನಿನ್ನ ಶೆಡ್ಡಿಗೆ ಬಿಡ್ತಾರೆ, ರಾತ್ರಿ ಊಟಕ್ಕೆ ಮನೆಗೆ ಬರ್ಲೇಬೇಕು. ಒಂದು ದಿನ ಸಿಕ್ಕಿದ್ರೆ ಮನಸ್ಸು ತಿರುಗಿಸ್ತೀನಿ ಅನ್ಕೊಂಡೆ."

ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಹನ್ನೊಂದು ರಾತ್ರಿ ಅವನು ನಿದ್ದೆಗೆಟ್ಟು ಪ್ರತಿಯೊಂದು ಬೋಲ್ಟನ್ನೂ ಮನಸ್ಸಿನಲ್ಲೇ ಮತ್ತೆ ಮತ್ತೆ ಬಿಗಿಮಾಡಿದ್ದ. ಎಲ್ಲಿ ಮರೆತೆ, ಏನು ಬಿಟ್ಟೆ ಎಂದು.

"ನನ್ನ ಮೇಲೆ ಹಾಕಿದ್ರಲ್ಲಕ್ಕಾ. ನನ್ನ ಕೈಯಿಂದ ಆಯ್ತು ಅಂತ ಊರೆಲ್ಲ ಅಂದಾಗ ನೀನು ಒಂದು ಮಾತು..."

"ಆಡ್ಲಿಲ್ಲ." ಅಕ್ಕ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಬಾಯಿ ಬರ್ಲಿಲ್ಲ. ನಿನ್ನ ಮುಖ ನೋಡಿದ್ರೆ ಎಲ್ಲಿ ಹೇಳ್ಬಿಡ್ತೀನೋ ಅಂತ ನೋಡೋದನ್ನೇ ಬಿಟ್ಟೆ. ಹೊಡಿ ನನಗೆ. ಅಪ್ಪ ಇದ್ದಿದ್ರೆ ಹೊಡೀತಿದ್ರು."

ಅವನು ಮೇಜಿನ ಮೇಲಿಂದ ಕೈ ಚಾಚಿ ಅವಳ ಕೈ ಹಿಡಿದುಕೊಂಡ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು. ಅಕ್ಕ ಅವನ ಕೈಯ ಮೇಲೆ ಹಣೆಯಿಟ್ಟು ಅತ್ತಳು, ಸದ್ದಿಲ್ಲದೆ, ಬಹಳ ಹೊತ್ತು. ಹೆಣದ ಮುಂದೆಯೂ ಅವಳು ಹೀಗೆ ಅತ್ತಿರಲಿಲ್ಲ.

"ಕೇಳಿಲ್ಲಿ," ಎಂದ ಅವನು. "ಹಬೆಗೆ ಹೆದರಿ ಬಿದ್ದಿದ್ದಲ್ಲ ಅವರು. ಹಬೆ ಹೊಡೀಲೇ ಇಲ್ಲ. ನೀರು ತುಂಬಿದ್ದು ತುಂಬಿದ ಹಾಗೇ ಇತ್ತು. ಈ ಬಟ್ಟೆ ಗಾಡಿ ನಿಲ್ಲಿಸ್ತು, ಅಷ್ಟೇ. ಅವರನ್ನ ಕೆಳಗೆ ತಳ್ಳಿದ್ದು ಈ ಎರಡು ಮಡಿಕೆ ಬಟ್ಟೆಯಲ್ಲ."

ಅಕ್ಕ ತಲೆ ಎತ್ತಿದಳು. ಕೆನ್ನೆ ಒರೆಸಿಕೊಳ್ಳುವುದನ್ನೂ ಮರೆತಳು.

"ಎರಡು ಮಡಿಕೆನಾ?"

"ಮಡಿಚೇ ಇತ್ತು. ನೋಡು."

ಅವಳು ಬಟ್ಟೆಯನ್ನು ಬಿಸಿಲಿಗೆ ಎಳೆದುಕೊಂಡು ಬಿಡಿಸಿದಳು. ಅಂಚಿನ ಉದ್ದಕ್ಕೂ ಹೆಬ್ಬೆರಳು ಓಡಿಸಿದಳು. ದರ್ಜಿಯ ಕಣ್ಣು ಬಟ್ಟೆಯನ್ನು ನೋಡುವ ಬಗೆಯೇ ಬೇರೆ.

"ನಾನಿಟ್ಟಿದ್ದು ಇದಲ್ಲ ಕಣೋ."

"ಅಕ್ಕಾ, ನಿನ್ನ ಕತ್ತರಿ ಗುರುತು ಇದ್ರ ಮೇಲೇ ಇದೆ. ಮೊಂಡು ಹಲ್ಲು."

"ಕತ್ತರಿ ನನ್ನದೇ. ಬಟ್ಟೇನೂ ಈ ಕೋಣೇದೇ. ಆದ್ರೆ ನಾನಿಟ್ಟಿದ್ದು ಒಂದೇ ಪದರ. ಮತ್ತೆ ಅದು..." ಅವಳು ಎದ್ದು ಮೆಷೀನಿನ ಡ್ರಾಯರು ಎಳೆದಳು. ಗುಂಡಿಗಳ ಡಬ್ಬಿಯ ಅಡಿಯಿಂದ ಇನ್ನೊಂದು ನೀಲಿ ತುಂಡು ತೆಗೆದು ಮೊದಲನೆಯದರ ಪಕ್ಕಕ್ಕಿಟ್ಟಳು. ಅದರ ಮೇಲೆ ರೇಡಿಯೇಟರಿನ ಗೆರೆಗಳ ಅಚ್ಚಿರಲಿಲ್ಲ. ಬಿಸಿಯನ್ನೇ ಕಂಡಿರದ ಬಟ್ಟೆ.

"ತೆಗೆದುಬಿಟ್ಟಿದ್ದೆ," ಎಂದಳು. "ಹೊರಡೋ ದಿನ ಅವರ ಬೂಟಿನ ದಾರ ಕಿತ್ತಿತ್ತು. ಹೊಸದು ಪೋಣಿಸಿ ಕೊಟ್ಟೆ. ಕತ್ತಲಲ್ಲಿ ಹೊಲೀಬೇಡ, ಲೈಟ್ ಹಾಕ್ಕೋ ಅಂದ್ರು. ಬಿಟ್ಟು ಹೋಗೋ ಗಂಡ ಆಡೋ ಮಾತಾ ಅದು? ಎಂಜಿನ್ನು ಬಿಸಿ ಮಾಡಿ ನಿಲ್ಲಿಸಿಕೊಂಡ ಗಂಡ ಎಷ್ಟು ದಿನ ನಿಲ್ತಾನೆ ಅನ್ನಿಸ್ತು. ಚೀಲ ತರೋಕೆ ಅವರು ಒಳಗೆ ಹೋದಾಗ ಓಡಿಹೋಗಿ ಎಳೆದುಬಿಟ್ಟೆ. ಆದ್ರೂ ಗಾಡಿ ಕಾಯ್ತು ಅಂತ ಪೊಲೀಸರು ಅಂದಾಗ, ಅವಸರದಲ್ಲಿ ಎಳೆಯುವಾಗ ಒಳಗೆ ಏನೋ ಮುರಿದುಹಾಕ್ದೆ ಅನ್ಕೊಂಡೆ. ಇಷ್ಟು ದಿನ ಅದೇ ನನ್ನನ್ನ ತಿಂತಿತ್ತು."

ಮೇಸ್ತ್ರಿ ಎರಡೂ ಬಟ್ಟೆಗಳನ್ನು ನೋಡುತ್ತ ಕೂತ. ಅಕ್ಕನನ್ನು ಅಪ್ಪಿಕೊಂಡು ಗಟ್ಟಿಯಾಗಿ ಅಳಬೇಕೆನಿಸಿತು. ಅವಳ ಕೈ ಶುದ್ಧವಾಗಿತ್ತು, ಅವನ ಕೈಯೂ ಶುದ್ಧವಾಗಿತ್ತು. ಹಾಗಾದರೆ ಮೂರನೆಯ ಕೈ ಯಾರದು?

"ಬೆಳಿಗ್ಗೆ ಇಲ್ಲಿಂದ ಹೊರಟ ಗಾಡಿ ಸಂಜೆ ನಾಲ್ಕಕ್ಕೆ ಗುಡ್ಡ ಹತ್ತಿದೆ," ಎಂದ ನಿಧಾನವಾಗಿ. "ಮಧ್ಯೆ ಎಲ್ಲಿಗೆ ಹೋಗಿತ್ತು?"

"ದೋಣಿ ಹೇರೋಕೆ ಗುಡ್ಡದ ಈಚೆಗಿರೋ ಸಾಹುಕಾರನ ಶೆಡ್ಡಿಗೆ. ಅಲ್ಲಿಂದ ನಿನ್ನ ಹತ್ರ."

"ನನ್ನ ಹತ್ರ? ಅವತ್ತು ನಾನು ಊರಲ್ಲೇ ಇರ್ಲಿಲ್ಲ. ಸಾಮಾನು ತರೋಕೆ ಪಟ್ಟಣಕ್ಕೆ ಹೋಗಿದ್ದೆ."

"ಟ್ರೈಲರಿನ ಹಿಂದಿನ ದೀಪ ಹೊತ್ತುತ್ತಿಲ್ಲ, ಬಲ್ಬು ಹಾಕಿಸ್ಕೊಂಡು ಹೋಗ್ತೀನಿ ಅಂತ ಮಧ್ಯಾಹ್ನ ಫೋನು ಮಾಡಿದ್ರು. ನಿನ್ನ ಶೆಡ್ಡಿಂದಾನೇ." ಅಕ್ಕ ತಡೆದಳು. "ನಿನಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಯಾರೂ ಅವನಿಗೆ ಹೇಳಿರಲಿಲ್ಲ. ಶೆಡ್ಡಿನಲ್ಲಿ ಅವತ್ತು ಇದ್ದವಳು ಒಬ್ಬಳೇ.

"ಅಕ್ಕಾ, ನೀನು ಬಟ್ಟೆ ಇಟ್ಟ ವಿಷಯ... ಯಾರಿಗಾದ್ರೂ ಹೇಳಿದ್ದೆಯಾ?"

ಉತ್ತರ ತನಗೇ ಆಗಷ್ಟೇ ಹೊಳೆದವಳಂತೆ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು.

"ಹಿಂದಿನ ರಾತ್ರಿ ಫೋನಲ್ಲಿ ಹೇಳ್ಕೊಂಡು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಿದ್ಲು," ಎಂದಳು. "ನಿನ್ನ ಹೆಂಡ್ತಿ."

ಮುಂಬಾಗಿಲ ಚಿಲಕ ಸರಿಯಿತು.

ಬೋಲ್ಟಮ್ಮ ಊಟದ ಡಬ್ಬಿ ಹಿಡಿದು ಒಳಗೆ ಬಂದಳು. ಚಪ್ಪಲಿ ಬಿಟ್ಟು, ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡು, ಎರಡು ಹೆಜ್ಜೆ ಮುಂದಿಟ್ಟವಳಿಗೆ ಮೇಜು ಕಾಣಿಸಿತು. ಬಿಸಿಲಿನಲ್ಲಿ ಅಕ್ಕಪಕ್ಕ ಮಲಗಿದ್ದ ಎರಡು ನೀಲಿ ತುಂಡುಗಳು ಕಾಣಿಸಿದವು. ಗಂಡನ ಮುಖ ಕಾಣಿಸಿತು.

ಅವಳು ಗಾಬರಿಯಾಗಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದ ಬಸ್ಸು ಬಂದಂತೆ ಒಂದು ಉಸಿರು ಬಿಟ್ಟಳು. ಡಬ್ಬಿಯನ್ನು ಮೆಲ್ಲಗೆ ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕುಸಿದು ಕೂತಳು.

"ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ ರೀ," ಎಂದಳು. "ಸತ್ತೋರಿಗೆ ಕೊಟ್ಟ ಮಾತು ಹೇಗೆ ವಾಪಸ್ ತಗೊಳ್ಳೋದು?"

"ಯಾರಿಗೆ ಕೊಟ್ಟ ಮಾತು?" ಮೇಸ್ತ್ರಿ ಎದ್ದು ನಿಂತಿದ್ದ.

ಅವಳು ಗಂಡನ ಕಡೆ ನೋಡಲಿಲ್ಲ. ಅಕ್ಕನ ಕಡೆ ನೋಡಿದಳು. ಕಣ್ಣು ತುಂಬಿ ಹರಿಯುತ್ತಿತ್ತು.

"ಅತ್ತಿಗೆ, ನೀವು ನನಗೆ ಫೋನು ಮಾಡಿದ್ದನ್ನ ಅವರು ಗೋಡೆ ಹಿಂದೆ ನಿಂತು ಕೇಳಿಸ್ಕೊಂಡಿದ್ರು. ಬೆಳಿಗ್ಗೆ ನೀವು ತೆಗೆದಿದ್ದನ್ನೂ ಕಿಟಕಿಯಿಂದ ನೋಡಿದ್ರು. ಈ ಬಟ್ಟೆ ಕತ್ತರಿಸಿ ತಂದಿದ್ದು ನಿಮ್ಮ ಯಜಮಾನ್ರೇ. ಶೆಡ್ಡಿಗೆ ಬಂದು ನನ್ನ ಕೈಗೆ ಕೊಟ್ಟು, 'ನನಗೆ ಆ ಕ್ಲಿಪ್ಪು ತೆಗೆಯೋಕೆ ಬರಲ್ಲ, ನೀನೇ ಇಡಮ್ಮ. ಮೂರನೇ ತಿರುವಲ್ಲಿ ಈ ಗಾಡಿ ನಿಲ್ಲಲೇಬೇಕು, ನಿಂತಿದ್ದು ತಾನಾಗೇ ಅಂತ ಆ ದೋಣಿ ಸಾಹುಕಾರ ನಂಬಿ, ಹುಡುಕ್ಕೊಂಡು ಅಲ್ಲಿಗೆ ಬರ್ಬೇಕು' ಅಂದ್ರು."